1984ರ ಸಿಖ್ ಹತ್ಯಾಕಾಂಡ: ಅನಿವಾಸಿ ಸಿಖ್ಖರ ನ್ಯಾಯದ ಹೋರಾಟ ಎಲ್ಲಿ ಫಲಿಸಿತು?

ಬ್ರಾಂಪ್ಟನ್ ಕನ್ನಡಿಗ:

2025ರ ಫೆಬ್ರುವರಿಯಲ್ಲಿ ದೆಹಲಿಯ ನ್ಯಾಯಾಲಯವೊಂದು ಕಾಂಗ್ರೆಸ್ಸಿನ ಮಾಜಿ ಸಂಸದ ಸಜ್ಜನ್ ಕುಮಾರ್ ಅವರಿಗೆ ಎರಡನೆಯ ಬಾರಿ ಜೀವಾವಧಿ ಶಿಕ್ಷೆ ವಿಧಿಸಿತು. 1984ರ ನವೆಂಬರ್ 1ರಂದು ಸರಸ್ವತಿ ವಿಹಾರದಲ್ಲಿ ಉದ್ರಿಕ್ತ ಗುಂಪು ಒಬ್ಬ ತಂದೆಯನ್ನೂ ಅವರ ಮಗನನ್ನೂ ಕೊಂದ ಪ್ರಕರಣವದು. ಕೃತ್ಯಕ್ಕೂ ಶಿಕ್ಷೆಗೂ ನಡುವೆ ನಲವತ್ತು ವರ್ಷ ಕಳೆದಿದ್ದವು. ನಾನಿರುವ ಕೆನಡಾದ ಬ್ರಾಂಪ್ಟನ್‌ನಲ್ಲಿ ಪಂಜಾಬಿ ಕುಟುಂಬಗಳು ಬಹಳ. ಆ ತೀರ್ಪಿನ ಬಳಿಕ ಪರಿಚಿತರ ನಡುವೆ ಎದ್ದ ಒಂದು ಪ್ರಶ್ನೆಯನ್ನು ಈ ವೇದಿಕೆಯ ಮುಂದಿಡಬೇಕೆನಿಸಿತು: ಕೆನಡಾ, ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿದ ಸಿಖ್ಖರು ಇಷ್ಟು ವರ್ಷ ನಡೆಸಿದ ಹೋರಾಟದಿಂದ ಇಂಥ ತೀರ್ಪುಗಳಿಗೆ ನಿಜವಾಗಿ ಏನಾದರೂ ನೆರವು ಸಿಕ್ಕಿದೆಯೇ?

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಅವರ ಇಬ್ಬರು ಸಿಖ್ ಅಂಗರಕ್ಷಕರು ಕೊಂದ ಮೇಲೆ ದೆಹಲಿಯ ತ್ರಿಲೋಕಪುರಿ, ಸುಲ್ತಾನ್‌ಪುರಿ, ಮಂಗೋಲ್‌ಪುರಿ, ಪಾಲಂ ಕಾಲೊನಿಗಳಲ್ಲಿಯೂ ಕಾನ್ಪುರ, ಬೊಕಾರೊದಂಥ ಊರುಗಳಲ್ಲಿಯೂ ಸಿಖ್ಖರನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. ದೆಹಲಿಯೊಂದರಲ್ಲೇ ಸತ್ತವರು 2,733 ಎಂಬುದು ಅಹೂಜಾ ಸಮಿತಿ ಕೊಟ್ಟ ಅಧಿಕೃತ ಲೆಕ್ಕ. ಬಳಿಕ ಮಾರ್ವಾ ಸಮಿತಿ, ಮಿಶ್ರಾ ಆಯೋಗ, ಜೈನ್-ಅಗರ್‌ವಾಲ್ ಸಮಿತಿ, ನಾನಾವತಿ ಆಯೋಗ ಎಂದು ಒಂದರ ಹಿಂದೆ ಒಂದು ಬಂದವು. ನಾನಾವತಿ ವರದಿ ಹೇಳುವಂತೆ ದೆಹಲಿಯಲ್ಲಿ ದಾಖಲಾದ ಎಫ್‌ಐಆರ್‌ಗಳು 587; ಅವುಗಳಲ್ಲಿ 240ನ್ನು ಆರೋಪಿಗಳು ಪತ್ತೆಯಾಗಿಲ್ಲ ಎಂಬ ಷರಾ ಬರೆದು ಪೊಲೀಸರು ಮುಚ್ಚಿದ್ದರು.

ತಾಯ್ನೆಲದ ಬಾಗಿಲುಗಳು ಹೀಗೆ ಮುಚ್ಚಿದಾಗ ಹೊರದೇಶಗಳಲ್ಲಿದ್ದವರು ತಮ್ಮ ಕೈಗೆಟಕುವ ಬಾಗಿಲುಗಳನ್ನು ತಟ್ಟಿದರು. 2015ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ನಿರ್ಣಯ ಮಾಡಿತು. 2017ರ ಏಪ್ರಿಲ್ 6ರಂದು ನಮ್ಮ ಒಂಟಾರಿಯೊದ ವಿಧಾನಸಭೆ ಹರಿಂದರ್ ಮಲ್ಹಿಯವರು ಮಂಡಿಸಿದ ನಿರ್ಣಯವನ್ನು 34-5 ಮತಗಳಿಂದ ಅಂಗೀಕರಿಸಿ 1984ರ ಹಿಂಸೆಯನ್ನು ನರಮೇಧ ಎಂದು ಕರೆಯಿತು. ಭಾರತದ ವಿದೇಶಾಂಗ ಇಲಾಖೆ ಕೂಡಲೇ ಅದನ್ನು ತಳ್ಳಿಹಾಕಿತು. ಹಿಂದಿನ ವರ್ಷವಷ್ಟೇ ಜಗಮೀತ್ ಸಿಂಗ್ ತಂದಿದ್ದ ಇಂಥದೇ ನಿರ್ಣಯಕ್ಕೆ ಇದೇ ಸಭೆಯಲ್ಲಿ ಸೋಲಾಗಿತ್ತು. ಒಂದೇ ವರ್ಷದಲ್ಲಿ ಶಾಸಕರ ಮನಸ್ಸು ಬದಲಾದದ್ದು ಹೊಸ ಪುರಾವೆ ಓದಿದ್ದರಿಂದಲ್ಲ, ಚುನಾವಣೆ ಹತ್ತಿರವಾದದ್ದರಿಂದ ಎಂದು ನನ್ನ ಅನಿಸಿಕೆ.

ನಿರ್ಣಯಗಳಿಂದ ದುಃಖಿತರಿಗೆ ಮನ್ನಣೆ ಸಿಗುತ್ತದೆ, ಒಬ್ಬ ಅಪರಾಧಿಗೂ ಶಿಕ್ಷೆಯಾಗುವುದಿಲ್ಲ ಎಂಬುದು ನನ್ನ ನಿಲುವು. ಭಿನ್ನಾಭಿಪ್ರಾಯ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ವಕೀಲೆ, ಧಾರವಾಡ:

ನಿರ್ಣಯಗಳ ವಿಷಯ ನೀವು ಹೇಳಿದ್ದೀರಿ. ಅಮೆರಿಕದ ನ್ಯಾಯಾಲಯಗಳಲ್ಲಿ ಹೂಡಿದ ದಾವೆಗಳ ಕಥೆ ಅದಕ್ಕಿಂತ ಬೋಧಪ್ರದವಾಗಿದೆ. ಹೊರದೇಶದಲ್ಲಿ ಅಂತರರಾಷ್ಟ್ರೀಯ ಕಾನೂನನ್ನು ಉಲ್ಲಂಘಿಸಿ ನಡೆದ ಕೃತ್ಯಕ್ಕೂ ಪರದೇಶೀಯನೊಬ್ಬ ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು ಎಂದು ಬಹುಕಾಲ ಅರ್ಥೈಸಲಾಗಿದ್ದ 1789ರ ಒಂದು ಕಾಯ್ದೆ ಅಲ್ಲಿದೆ. ಅದನ್ನು ಆಧರಿಸಿ ನ್ಯೂಯಾರ್ಕ್‌ನ ‘ಸಿಖ್ಸ್ ಫಾರ್ ಜಸ್ಟಿಸ್’ ಸಂಘಟನೆ 2010ರಲ್ಲಿ ಕಾಂಗ್ರೆಸ್ ನಾಯಕ ಕಮಲ್ ನಾಥ್ ವಿರುದ್ಧ, ನಂತರ ಕಾಂಗ್ರೆಸ್ ಪಕ್ಷದ ವಿರುದ್ಧ, 2013ರಲ್ಲಿ ಸೋನಿಯಾ ಗಾಂಧಿಯವರ ವಿರುದ್ಧ ದಾವೆ ಹೂಡಿತು. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೈಜೀರಿಯಾದ ತೈಲ ಪ್ರದೇಶಕ್ಕೆ ಸಂಬಂಧಿಸಿದ ಕಿಯೊಬೆಲ್ ಪ್ರಕರಣದಲ್ಲಿ, ಪೂರ್ತಿಯಾಗಿ ಪರದೇಶದಲ್ಲೇ ನಡೆದ ಕೃತ್ಯಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಅಲ್ಲಿಗೆ ಈ ದಾರಿಯ ಬುಡವೇ ಹೋಯಿತು. ಸೋನಿಯಾ ಅವರ ವಿರುದ್ಧದ ದಾವೆ ಆ ತೀರ್ಪು ಬಂದ ಮೇಲೆ ಹೂಡಿದ್ದು ಎಂಬುದನ್ನು ಗಮನಿಸಿ. ಅದು 2014ರಲ್ಲಿ ವಜಾ ಆಯಿತು.

ಇನ್ನು ಪಂಜಾಬಿನ ಆಗಿನ ಮುಖ್ಯಮಂತ್ರಿ ಪ್ರಕಾಶ್ ಸಿಂಗ್ ಬಾದಲ್ ವಿರುದ್ಧ ವಿಸ್ಕಾನ್ಸಿನ್‌ನಲ್ಲಿ ಹೂಡಿದ ದಾವೆಯಲ್ಲಂತೂ ಸಮನ್ಸ್ ಬೇರೊಬ್ಬ ವ್ಯಕ್ತಿಯ ಕೈಸೇರಿತ್ತು. ಮೇಲ್ಮನವಿ ನ್ಯಾಯಾಲಯವೂ ಆ ದಾವೆಗೆ ಅವಕಾಶ ಕೊಡಲಿಲ್ಲ. 2005ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ನಿಂತು ಸಿಖ್ ಸಮುದಾಯದ ಮತ್ತು ಇಡೀ ದೇಶದ ಕ್ಷಮೆ ಕೇಳಿದ ಮನಮೋಹನ್ ಸಿಂಗ್ ಅವರ ಮೇಲೂ ವಾಷಿಂಗ್ಟನ್‌ನಲ್ಲಿ ದಾವೆ ನಡೆಯಿತು. ಅದು ಉಗ್ರವಾದವನ್ನು ಹತ್ತಿಕ್ಕುವ ಹೆಸರಿನಲ್ಲಿ ಪಂಜಾಬಿನಲ್ಲಿ ನಡೆದ ದಮನಕ್ಕೆ ಸಂಬಂಧಿಸಿದ್ದು. ಪ್ರಧಾನಿಯಾಗಿ ಮಾಡಿದ ಕೃತ್ಯಗಳಿಗೆ ಅವರಿಗೆ ವಿನಾಯಿತಿ ಇದೆ, ಅದಕ್ಕೆ ಮೊದಲು ಹಣಕಾಸು ಸಚಿವರಾಗಿದ್ದ ಕಾಲದ ಕೃತ್ಯಗಳಿಗೆ ಆ ವಿನಾಯಿತಿ ಇಲ್ಲ ಎಂದು 2014ರಲ್ಲಿ ನ್ಯಾಯಾಧೀಶರು ಹೇಳಿದ್ದು ಕಾನೂನಿನ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ಆದರೆ ತ್ರಿಲೋಕಪುರಿಯ ವಿಧವೆಗೆ ಅದರಿಂದ ಬಂದದ್ದೇನು? ಇವೆಲ್ಲ ಪತ್ರಿಕೆಯ ತಲೆಬರಹಕ್ಕಾಗಿ ಹೂಡಿದ ದಾವೆಗಳು ಎಂಬ ನನ್ನ ಅಭಿಪ್ರಾಯ ಕಟುವಾಗಿ ಕೇಳಬಹುದು. ಸಾಕ್ಷ್ಯದ ವಿಚಾರಣೆಯ ಹಂತಕ್ಕೇ ಹೋಗಲಾರವೆಂದು ಮೊದಲೇ ತಿಳಿಯಬಹುದಾಗಿದ್ದ ದಾವೆಗಳಿಗೆ ನಾನು ಬೇರೆ ಹೆಸರು ಕೊಡಲಾರೆ.

ಹಳೆಯ ವರದಿಗಾರ:

ವಕೀಲೆಯವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಹೊರದೇಶದ ಸಿಖ್ಖರಿಂದ ಪ್ರಕರಣವೊಂದಕ್ಕೆ ನೇರವಾಗಿ ಜೀವ ಬಂದ ಒಂದು ಉದಾಹರಣೆಯಿದೆ. ಅದನ್ನು ಕ್ರಮವಾಗಿ ಹೇಳುವುದು ಅಗತ್ಯ.

1984ರ ನವೆಂಬರ್ 1ರಂದು ಉತ್ತರ ದೆಹಲಿಯ ಪುಲ್ ಬಂಗಶ್ ಗುರುದ್ವಾರಕ್ಕೆ ಬೆಂಕಿಯಿಟ್ಟು ಮೂವರನ್ನು ಕೊಲ್ಲಲಾಯಿತು. ಕಾಂಗ್ರೆಸ್ ನಾಯಕ ಜಗದೀಶ್ ಟೈಟ್ಲರ್ ಮೇಲಿನ ಆರೋಪ ಈ ಘಟನೆಗೆ ಸಂಬಂಧಿಸಿದ್ದು. ನಾನಾವತಿ ವರದಿ ಬಂದ ಮೇಲೆ 2005ರಲ್ಲಿ ಅವರು ಕೇಂದ್ರ ಸಚಿವ ಸ್ಥಾನ ಬಿಟ್ಟರು, ತನಿಖೆ ಸಿಬಿಐಗೆ ಹೋಯಿತು. 2007ರಲ್ಲಿ ಸಿಬಿಐ, ನಮ್ಮ ಕಡೆ ಬಿ ರಿಪೋರ್ಟ್ ಎನ್ನುತ್ತೇವಲ್ಲ, ಅಂಥದೊಂದು ಮುಕ್ತಾಯದ ವರದಿಯನ್ನು ಸಲ್ಲಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಮುಖ್ಯ ಸಾಕ್ಷಿಯೊಬ್ಬರು ಎಲ್ಲಿದ್ದಾರೆಂದು ಪತ್ತೆಯಾಗುತ್ತಿಲ್ಲ ಎಂಬುದು. ದೇಶದ ಅತ್ಯುನ್ನತ ತನಿಖಾ ಸಂಸ್ಥೆಗೆ ಸಿಗದ ಆ ಮನುಷ್ಯ ಕ್ಯಾಲಿಫೋರ್ನಿಯಾದಲ್ಲಿ ವಾಸವಾಗಿದ್ದರು. ಸುದ್ದಿವಾಹಿನಿಯವರು ಅವರನ್ನು ಪತ್ತೆ ಮಾಡಿದರು, ತಾನು ಹೇಳಿಕೆ ಕೊಡಲು ಸಿದ್ಧ ಎಂದು ಅವರು ಕ್ಯಾಮೆರಾದ ಮುಂದೆಯೇ ಹೇಳಿದರು. ನ್ಯಾಯಾಲಯ ಅದೇ ಡಿಸೆಂಬರ್‌ನಲ್ಲಿ ಮುಕ್ತಾಯದ ವರದಿಯನ್ನು ತಿರಸ್ಕರಿಸಿ ಮರುತನಿಖೆಗೆ ಆದೇಶಿಸಿತು. 2008ರ ಡಿಸೆಂಬರ್‌ನಲ್ಲಿ ಸಿಬಿಐ ಅಧಿಕಾರಿಗಳು ನ್ಯೂಯಾರ್ಕ್‌ಗೆ ಹೋಗಿ ಅಮೆರಿಕದಲ್ಲಿದ್ದ ಸಾಕ್ಷಿಗಳ ಹೇಳಿಕೆ ಪಡೆದರು.

ಅಷ್ಟಾದರೂ 2009ರಲ್ಲಿ ಸಿಬಿಐ ಮತ್ತೆ ಕಡತ ಮುಚ್ಚಲು ಅನುಮತಿ ಕೇಳಿತು. ಆ ವರ್ಷದ ಏಪ್ರಿಲ್‌ನಲ್ಲಿ ಪತ್ರಕರ್ತ ಜರ್ನೈಲ್ ಸಿಂಗ್ ಗೃಹ ಸಚಿವ ಚಿದಂಬರಂ ಅವರತ್ತ ಪತ್ರಿಕಾಗೋಷ್ಠಿಯಲ್ಲೇ ಶೂ ಎಸೆದದ್ದು ಈ ಹಿನ್ನೆಲೆಯಲ್ಲಿ. ವೃತ್ತಿಧರ್ಮದ ದೃಷ್ಟಿಯಿಂದ ನಾನದನ್ನು ಒಪ್ಪುವವನಲ್ಲ. ಆದರೂ ಅದಾದ ಬಳಿಕವೇ ಕಾಂಗ್ರೆಸ್ ಆ ಚುನಾವಣೆಯಲ್ಲಿ ಟೈಟ್ಲರ್ ಮತ್ತು ಸಜ್ಜನ್ ಕುಮಾರ್ ಇಬ್ಬರ ಉಮೇದುವಾರಿಕೆಯನ್ನು ಕೈಬಿಟ್ಟದ್ದು. 2013ರಲ್ಲಿ ಸೆಷನ್ಸ್ ನ್ಯಾಯಾಲಯ ಮತ್ತೆ ತನಿಖೆ ಮುಂದುವರಿಸಲು ಹೇಳಿತು. 2023ರ ಮೇ ತಿಂಗಳಲ್ಲಿ ಸಿಬಿಐ ದೋಷಾರೋಪ ಪಟ್ಟಿ ಸಲ್ಲಿಸಿತು, 2024ರ ಸೆಪ್ಟೆಂಬರ್‌ನಲ್ಲಿ ಆರೋಪ ನಿಗದಿಯಾಯಿತು. ಟೈಟ್ಲರ್ ಆರೋಪಗಳನ್ನು ನಿರಾಕರಿಸಿದ್ದಾರೆ. ತಪ್ಪು ಒಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಕ್ಯಾಲಿಫೋರ್ನಿಯಾದ ಒಬ್ಬ ಸಾಮಾನ್ಯ ವಲಸಿಗ ಬಾಯಿ ಬಿಡದೇ ಇದ್ದಿದ್ದರೆ ಈ ಕಡತ 2007ರಲ್ಲೇ ದಾಸ್ತಾನು ಕೋಣೆ ಸೇರುತ್ತಿತ್ತೆಂದು ನಾನು ನಂಬುತ್ತೇನೆ.

ಮಂದಾರ:

ಚರ್ಚೆ ಒಂದೇ ದಿಕ್ಕಿಗೆ ಹರಿಯುತ್ತಿದೆ ಎನಿಸಿ ಬರೆಯುತ್ತಿದ್ದೇನೆ. 1985ರ ಜೂನ್ 23ರಂದು ಮಾಂಟ್ರಿಯಲ್‌ನಿಂದ ಹೊರಟ ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಕಡಲ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇಟ್ಟವರು ಪ್ರತ್ಯೇಕ ಸಿಖ್ ರಾಷ್ಟ್ರ ಬೇಡುತ್ತಿದ್ದ, ಕೆನಡಾದಲ್ಲಿದ್ದ ಖಾಲಿಸ್ತಾನಿ ಉಗ್ರರು. ಅದರಲ್ಲಿ ಶಿಕ್ಷೆಯಾದದ್ದು ಇಂದರ್‌ಜಿತ್ ಸಿಂಗ್ ರೆಯಾತ್ ಒಬ್ಬನಿಗೆ. 2005ರಲ್ಲಿ ಇನ್ನಿಬ್ಬರು ಖುಲಾಸೆಯಾದರು. ಆ ಪ್ರಕರಣದಲ್ಲಿ ಸಾಕ್ಷಿಯಾಗಬೇಕಿದ್ದ ಪಂಜಾಬಿ ಪತ್ರಿಕೆಯ ಸಂಪಾದಕ ತಾರಾ ಸಿಂಗ್ ಹಾಯರ್ ಅವರನ್ನು 1998ರ ನವೆಂಬರ್‌ನಲ್ಲಿ ಕೆನಡಾದ ಸರ್ರೆ ಊರಿನ ಅವರ ಮನೆಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಸಾಕ್ಷಿಗಳ ಬಗ್ಗೆ ಮಾತಾಡುವಾಗ ಈ ಸಾಕ್ಷಿಯನ್ನೂ ನೆನೆಯಬೇಡವೇ?

ನನ್ನ ತಕರಾರು 1984ರ ಸಂತ್ರಸ್ತರ ಮೇಲಲ್ಲ. ಅವರ ಹೆಸರಿನಲ್ಲಿ ಹೊರದೇಶದಲ್ಲಿ ಏನೇನು ನಡೆಯುತ್ತಿದೆ ಎಂಬುದರ ಮೇಲೆ. 2023ರ ಜೂನ್‌ನಲ್ಲಿ ಬ್ರಾಂಪ್ಟನ್‌ನ ಮೆರವಣಿಗೆಯೊಂದರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯನ್ನೇ ಸ್ತಬ್ಧಚಿತ್ರ ಮಾಡಿ ಮೆರೆಸಿದರು. ಕನೆಕ್ಟಿಕಟ್ ರಾಜ್ಯ 2018ರಲ್ಲಿ ನವೆಂಬರ್ 1ನ್ನು ಸಿಖ್ ನರಮೇಧದ ಸ್ಮರಣೆಯ ದಿನವೆಂದು ಗುರುತಿಸಿತು. ಮರುವರ್ಷ ಅಲ್ಲಿನ ನಾರ್ವಿಚ್ ಊರಿನ ಗ್ರಂಥಾಲಯದಲ್ಲಿಟ್ಟ ಸ್ಮಾರಕದಲ್ಲಿ ಸತ್ತ ಹೆಂಗಸರು ಮಕ್ಕಳ ನೆನಪಿನ ಜೊತೆಗೆ ಪಂಜಾಬಿನ ಉಗ್ರರ ನಾಯಕ ಭಿಂದ್ರನ್‌ವಾಲೆಯ ಚಿತ್ರವೂ ಇತ್ತು. ಭಾರತದ ಕಾನ್ಸುಲೇಟ್ ಆಕ್ಷೇಪಿಸಿತು, ಗ್ರಂಥಾಲಯದವರು ಸ್ಮಾರಕವನ್ನೇ ತೆಗೆದರು. ಆ ಒಂದು ಚಿತ್ರ ಇಲ್ಲದಿದ್ದರೆ ಆಕ್ಷೇಪಕ್ಕೆ ಅಷ್ಟು ಬಲ ಇರುತ್ತಿತ್ತೇ? ದಾವೆ ಹೂಡಿದ ‘ಸಿಖ್ಸ್ ಫಾರ್ ಜಸ್ಟಿಸ್’ ಸಂಘಟನೆಯನ್ನು ಭಾರತ 2019ರ ಜುಲೈನಲ್ಲಿ ನಿಷೇಧಿಸಿದ್ದು ಪ್ರತ್ಯೇಕ ರಾಷ್ಟ್ರಕ್ಕಾಗಿ ಅದು ನಡೆಸಹೊರಟ ‘ಜನಮತ’ಗಣನೆಯ ಕಾರಣಕ್ಕೆ. ನ್ಯಾಯದ ಬೇಡಿಕೆಯನ್ನೂ ದೇಶ ಒಡೆಯುವ ಬೇಡಿಕೆಯನ್ನೂ ಒಂದೇ ಬಾವುಟದಡಿ ತಂದವರು ದೆಹಲಿಯ ಕೊಲೆಗಡುಕರಿಗೆ ಉಪಕಾರವನ್ನೇ ಮಾಡಿದ್ದಾರೆ.

ಬ್ರಾಂಪ್ಟನ್ ಕನ್ನಡಿಗ:

ಮಂದಾರ ಅವರೇ, ಆ ಸ್ತಬ್ಧಚಿತ್ರ ನಮ್ಮ ಊರಿನದೇ, ಅದನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಆದರೆ ಇದೇ ಊರಿನಲ್ಲಿ ಪ್ರತಿ ನವೆಂಬರ್‌ನಲ್ಲಿ 1984ರಲ್ಲಿ ಸತ್ತವರ ನೆನಪಿಗಾಗಿ ಸಿಖ್ಖರು ರಕ್ತದಾನ ಶಿಬಿರ ನಡೆಸುತ್ತಾರೆ, ಅಲ್ಲಿ ಸಾಲಿನಲ್ಲಿ ನಿಲ್ಲುವವರು ಯಾವ ಬಾವುಟವನ್ನೂ ಹಿಡಿದಿರುವುದಿಲ್ಲ. ಸ್ತಬ್ಧಚಿತ್ರದ ವಿಡಿಯೊ ಭಾರತದ ಮನೆಮನೆಗೂ ತಲುಪುತ್ತದೆ, ಶಿಬಿರದ ಸುದ್ದಿ ತಲುಪುವುದಿಲ್ಲ. ಹಾಯರ್ ಅವರ ವಿಷಯದಲ್ಲಿ ಇನ್ನೂ ಒಂದು ಮಾತು ಸೇರಿಸಬೇಕು: ಅವರೂ ಸಿಖ್ಖರೇ. ಉಗ್ರರ ವಿರುದ್ಧ ಬಾಯಿ ತೆರೆದು ಪೆಟ್ಟು ತಿಂದವರಲ್ಲಿ ಮೊದಲಿಗರು ಇಲ್ಲಿನ ಸಿಖ್ಖರು. ಕನಿಷ್ಕದ ಬಗ್ಗೆ ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗದ ವರದಿ 2010ರಲ್ಲಿ ಬಂದಾಗ ಕೆನಡಾ ಸರಕಾರ ಕ್ಷಮೆ ಕೇಳಿತು. ಆ ಕುಟುಂಬಗಳು ಕಾದದ್ದೂ ಕಾಲು ಶತಮಾನ.

ಶಾಸನಸಭೆಯ ಮಾತಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೊಮಗಾಟ ಮಾರು ಹಡಗಿನಲ್ಲಿ ವಲಸೆ ಬಂದ, ಹೆಚ್ಚಿನವರು ಸಿಖ್ಖರೇ ಆಗಿದ್ದ 376 ಭಾರತೀಯರಲ್ಲಿ ಬಹುಪಾಲು ಜನರನ್ನು ಕೆನಡಾ 1914ರಲ್ಲಿ ವ್ಯಾಂಕೂವರ್‌ನಿಂದ ಹಿಂದಟ್ಟಿತು. ಹಡಗು ಕಲ್ಕತ್ತೆಯ ಬಳಿಯ ಬಜ್‌ಬಜ್ ತಲುಪಿದಾಗ ಬ್ರಿಟಿಷ್ ಸರಕಾರದ ಗುಂಡಿಗೆ ಹಲವರು ಬಲಿಯಾದರು. 2008ರಲ್ಲಿ ಸರ್ರೆಯ ಉದ್ಯಾನದಲ್ಲಿ ಪ್ರಧಾನಿ ಹಾರ್ಪರ್ ಕ್ಷಮೆ ಕೇಳಿದಾಗ ಸಮುದಾಯದವರು ಅದನ್ನು ಒಪ್ಪಲಿಲ್ಲ, ಸಂಸತ್ತಿನಲ್ಲೇ ಆಗಬೇಕೆಂದು ಪಟ್ಟು ಹಿಡಿದರು. 2016ರ ಮೇ 18ರಂದು ಟ್ರುಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ತಪ್ಪು ಮಾಡಿದ ರಾಜ್ಯವೇ ತಪ್ಪೊಪ್ಪಿಕೊಂಡಾಗ ಇರುವ ತೂಕ, ಸಂಬಂಧವಿಲ್ಲದ ರಾಜ್ಯದ ಶಾಸನಸಭೆ ಮತ ಹಾಕಿದಾಗ ಇರುವುದಿಲ್ಲ. ಒಂಟಾರಿಯೊ ನಿರ್ಣಯದ ಕುರಿತು ನನ್ನ ಅಸಮಾಧಾನ ಇಷ್ಟೇ.

ಬೀದರ್ ಕೋಟೆ:

ಕರ್ನಾಟಕದವರಾದ ನಾವು ಇದನ್ನು ದೆಹಲಿ-ಟೊರಾಂಟೊಗಳ ವಿಷಯವೆಂದು ಮಾತ್ರ ಓದಬಾರದು. ಗುರು ನಾನಕ್ ಝೀರಾ ಗುರುದ್ವಾರ ಇರುವ, ಖಾಲ್ಸಾ ದೀಕ್ಷೆ ಪಡೆದ ಮೊದಲ ಐವರಾದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಹುಟ್ಟಿದ ಊರೆಂದು ಸಿಖ್ಖರು ನಂಬುವ ನಮ್ಮ ಬೀದರ್‌ನಲ್ಲೇ 1988ರ ಸೆಪ್ಟೆಂಬರ್‌ನಲ್ಲಿ ಎಂಜಿನಿಯರಿಂಗ್ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ಗುಂಪು ಹಲ್ಲೆ ನಡೆದು ಹುಡುಗರು ಪ್ರಾಣ ಕಳೆದುಕೊಂಡರು. ದೂರದ ಊರಿನಿಂದ ಮಕ್ಕಳನ್ನು ಓದಲು ಕಳಿಸಿದ ತಂದೆತಾಯಿಗಳ ಪಾಡನ್ನು ಊಹಿಸಿಕೊಳ್ಳಿ. ದೆಹಲಿಯ ಬಗ್ಗೆ ಹತ್ತು ಆಯೋಗಗಳ ಹೆಸರು ಹೇಳಬಲ್ಲ ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಬೀದರ್‌ನದು ಗೊತ್ತು? ಬ್ರಾಂಪ್ಟನ್‌ನವರು ತಮ್ಮ ಪರಿಚಿತರಲ್ಲಿ ಆ ಕಾಲದಲ್ಲಿ ಇಲ್ಲಿ ಓದಿದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರೆ ಒಳ್ಳೆಯದು. ಅವರು ಕಂಡದ್ದನ್ನು ಅವರ ಬಾಯಿಂದಲೇ ಬರೆಸಿಡಬೇಕು.

ವಕೀಲೆ, ಧಾರವಾಡ:

ಬೀದರ್ ಕೋಟೆಯವರು ಹೇಳಿದ ‘ಬರೆಸಿಡುವುದು’ ನ್ಯಾಯಾಲಯದಲ್ಲಿ ಎಷ್ಟು ಮುಖ್ಯವಾಗುತ್ತದೆ ಎಂಬುದಕ್ಕೆ 2018ರ ಡಿಸೆಂಬರ್ 17ರ ದೆಹಲಿ ಹೈಕೋರ್ಟ್ ತೀರ್ಪೇ ಸಾಕ್ಷಿ. ಪಾಲಂನ ರಾಜನಗರದಲ್ಲಿ ಒಂದೇ ಕುಟುಂಬದ ಐವರನ್ನು ಕೊಂದ ಪ್ರಕರಣದಲ್ಲಿ 2013ರಲ್ಲಿ ಕೆಳ ನ್ಯಾಯಾಲಯ ಸಜ್ಜನ್ ಕುಮಾರ್ ಅವರನ್ನು ಖುಲಾಸೆ ಮಾಡಿತ್ತು. ಗಂಡನನ್ನೂ ಮಗನನ್ನೂ ಕಳೆದುಕೊಂಡ ಜಗದೀಶ್ ಕೌರ್ ಮತ್ತು ತಂದೆಯನ್ನು ಕಳೆದುಕೊಂಡ ನಿರ್‌ಪ್ರೀತ್ ಕೌರ್ ಅವರ ಸಾಕ್ಷ್ಯವನ್ನು ನ್ಯಾಯಮೂರ್ತಿಗಳಾದ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ನಂಬಲರ್ಹವೆಂದು ಸ್ವೀಕರಿಸಿ ಖುಲಾಸೆಯನ್ನು ರದ್ದುಗೊಳಿಸಿದರು. ದೆಹಲಿ ಕಂಟೋನ್ಮೆಂಟ್ ಪ್ರದೇಶದಲ್ಲಿ 341 ಮಂದಿ ಸತ್ತಿದ್ದರೂ ದಾಖಲಾದ ಎಫ್‌ಐಆರ್‌ಗಳು ಕೇವಲ 21 ಎಂಬುದನ್ನು ಅದೇ ತೀರ್ಪು ಎತ್ತಿ ತೋರಿಸಿತು. ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳದ ದೂರಿಗೆ ಮೂವತ್ತು ವರ್ಷಗಳ ಮೇಲೆ ಆಧಾರ ಒದಗಿಸಬೇಕಾದದ್ದು ಆಯೋಗಗಳ ಮುಂದೆ ಕೊಟ್ಟ ಅಫಿಡವಿಟ್ಟುಗಳು ಮತ್ತು ಬದುಕುಳಿದವರ ನೆನಪು.

ಅನಿವಾಸಿಗಳು ಬಯಸುವ ‘ನರಮೇಧ’ ಎಂಬ ಮನ್ನಣೆಯ ಬಗ್ಗೆಯೂ ಆ ತೀರ್ಪಿನಲ್ಲಿ ಮುಖ್ಯವಾದ ಮಾತಿದೆ. ನರಮೇಧವಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದೇಶದ ದಂಡಸಂಹಿತೆಯಲ್ಲಿ ಸೇರಿಲ್ಲ, ಈ ಲೋಪವನ್ನು ಬೇಗನೆ ಸರಿಪಡಿಸಬೇಕು ಎಂದು ನ್ಯಾಯಪೀಠ ಬರೆಯಿತು. 1993ರ ಮುಂಬಯಿ, 2002ರ ಗುಜರಾತ್, 2008ರ ಕಂಧಮಾಲ್, 2013ರ ಮುಜಫರ್‌ನಗರಗಳಲ್ಲಿಯೂ ಇದೇ ಮಾದರಿ ಕಾಣುತ್ತದೆಂದಿತು. ಭಾರತ 1959ರಲ್ಲೇ ನರಮೇಧ ಒಡಂಬಡಿಕೆಯನ್ನು ಅನುಮೋದಿಸಿದೆ. ಆದರೂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಅಪರಾಧಗಳಿಗೆ ಜಾಗ ಸಿಗಲಿಲ್ಲ. ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲೂ ನ್ಯೂಜೆರ್ಸಿಯ ರಾಜಧಾನಿ ಟ್ರೆಂಟನ್‌ನಲ್ಲೂ ನಿರ್ಣಯಕ್ಕಾಗಿ ಓಡಾಡಿದ ಶ್ರಮದ ಒಂದು ಪಾಲು ಈ ಕಾನೂನಿನ ಬೇಡಿಕೆಗೆ ಸಂದಿದ್ದರೆ, ಅದು ಸಿಖ್ಖರದಷ್ಟೇ ಬೇಡಿಕೆಯಾಗಿ ಉಳಿಯುತ್ತಿರಲಿಲ್ಲ.

ಹಳೆಯ ವರದಿಗಾರ:

ದಾಖಲೆಯ ಮಾತು ಬಂದಾಗ ಜಸ್ವಂತ್ ಸಿಂಗ್ ಖಾಲ್ರಾ ಅವರ ಹೆಸರು ಹೇಳದೆ ಹೋಗಲಾಗದು. ಅಮೃತಸರದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದ ಖಾಲ್ರಾ, 1984ರ ನಂತರ ಪಂಜಾಬಿನಲ್ಲಿ ನಡೆದ ಪೊಲೀಸ್ ದಮನದ ಕಾಲದಲ್ಲಿ ಕಾಣೆಯಾದ ಸಹೋದ್ಯೋಗಿಗಳನ್ನು ಹುಡುಕುತ್ತ ಪುರಸಭೆಯ ಸ್ಮಶಾನಗಳಿಗೆ ಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹೆಣಗಳಲ್ಲ, ಸೌದೆಯ ಲೆಕ್ಕದ ಪುಸ್ತಕ. ವಾರಸುದಾರರಿಲ್ಲದ ಶವಗಳನ್ನು ಸುಡಲು ಪೊಲೀಸರು ತಂದಾಗ ಸೌದೆಯ ಖರ್ಚನ್ನು ಬರೆದಿಡಲೇಬೇಕಿತ್ತು; ಕೊಂದವರು ಹೆಸರುಗಳನ್ನು ಅಳಿಸಿದ್ದರು, ಗುಮಾಸ್ತ ಲೆಕ್ಕವನ್ನು ಬರೆದಿಟ್ಟಿದ್ದ. ಖಾಲ್ರಾ ಈ ಪುರಾವೆಯನ್ನು 1995ರಲ್ಲಿ ಕೆನಡಾಕ್ಕೆ ಒಯ್ದು ಅಲ್ಲಿನ ಸಿಖ್ಖರ ಮುಂದೆಯೂ ಜನಪ್ರತಿನಿಧಿಗಳ ಮುಂದೆಯೂ ಇಟ್ಟರು. ಅಪಾಯವಿದೆಯೆಂದು ತಿಳಿದೂ ಊರಿಗೆ ಮರಳಿದರು. ಸೆಪ್ಟೆಂಬರ್ 6ರಂದು ಮನೆಯ ಮುಂದಿನಿಂದಲೇ ಪೊಲೀಸರು ಅವರನ್ನು ಎತ್ತಿಕೊಂಡು ಹೋದರು. ಅವರು ಮತ್ತೆ ಬರಲಿಲ್ಲ.

ಸುಪ್ರೀಂ ಕೋರ್ಟ್ ಆದೇಶದಂತೆ ತನಿಖೆ ಮಾಡಿದ ಸಿಬಿಐ ಮೂರು ಸ್ಮಶಾನಗಳಲ್ಲಿ 2,097 ಅಕ್ರಮ ದಹನಗಳನ್ನು ಗುರುತಿಸಿತು. ಅವುಗಳಲ್ಲಿ 585 ಶವಗಳ ಗುರುತು ಪೂರ್ತಿ, 274ರದ್ದು ಭಾಗಶಃ ಸಿಕ್ಕಿತ್ತು. ಉಳಿದ 1,238 ಯಾರದೆಂದು ತಿಳಿಯಲಿಲ್ಲ. ಖಾಲ್ರಾ ಹತ್ಯೆಗೆ ಪೊಲೀಸರಿಗೆ ಶಿಕ್ಷೆಯಾಗಿ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಾಯಂ ಮಾಡಿತು. ಅಮೆರಿಕದಲ್ಲಿ 2004ರಲ್ಲಿ ಹುಟ್ಟಿದ ‘ಎನ್ಸಾಫ್’ ಎಂಬ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿ, ಪಂಜಾಬಿನ ಹಳ್ಳಿಹಳ್ಳಿಗಳಲ್ಲಿ ಕಾಣೆಯಾದವರ ಮತ್ತು ಕಾನೂನುಬಾಹಿರವಾಗಿ ಕೊಲೆಯಾದವರ ಐದು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಕುಟುಂಬದವರ ಮಾತಿನಲ್ಲೇ ದಾಖಲಿಸಿದೆ. ಟಿವಿ ಚರ್ಚೆಗಳಲ್ಲಿ ಅದರ ಹೆಸರು ಕೇಳುವುದಿಲ್ಲ. ಅನಿವಾಸಿಗಳ ಹಣ ಮತ್ತು ಶ್ರಮಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಾಣದು.

ಮಂದಾರ:

ಖಾಲ್ರಾ ಅವರ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಈ ಮಾದರಿಯ ಹೋರಾಟಕ್ಕೆ ನನ್ನ ಯಾವ ತಕರಾರೂ ಇಲ್ಲ. ಒಂದು ಪ್ರಾಯೋಗಿಕ ಪ್ರಶ್ನೆ. ಸರ್ರೆಯಲ್ಲೋ ಲಂಡನ್ನಿನ ಸೌತಾಲ್‌ನಲ್ಲೋ ಇರುವ ಎಪ್ಪತ್ತು ದಾಟಿದ ಸಾಕ್ಷಿಯೊಬ್ಬರು ಭಾರತಕ್ಕೆ ಬರಲು ದೇಹಬಲವಿಲ್ಲದವರೋ ಭಯವುಳ್ಳವರೋ ಆಗಿದ್ದರೆ, ಅವರ ಹೇಳಿಕೆಗೆ ಇಲ್ಲಿನ ನ್ಯಾಯಾಲಯದಲ್ಲಿ ಬೆಲೆಯಿದೆಯೇ?

ವಕೀಲೆ, ಧಾರವಾಡ:

ಇದೆ. ಅಮೆರಿಕದಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯಕ್ಕೆ ಸಂಬಂಧಿಸಿದ ಪ್ರಫುಲ್ಲ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ವಿಡಿಯೊ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ಪಡೆಯಬಹುದೆಂದು ಹೇಳಿದೆ. ಆದರೆ ಗುರುದ್ವಾರದಲ್ಲಿ ಮಾಡಿದ ಭಾಷಣದ ವಿಡಿಯೊ ಸಾಕ್ಷ್ಯವಾಗುವುದಿಲ್ಲ. ಸಾಕ್ಷಿ ಪ್ರಮಾಣ ಮಾಡಬೇಕು, ಆರೋಪಿಯ ವಕೀಲರ ಪಾಟೀಸವಾಲಿಗೆ ಉತ್ತರಿಸಬೇಕು. ಆದ್ದರಿಂದ ಹೇಳಿಕೆಯನ್ನು ದಿನಾಂಕ, ಬೀದಿ, ಕಂಡ ಮುಖಗಳ ಸಮೇತ ಈಗಲೇ ಬರೆಸಿ, ಪ್ರಮಾಣೀಕರಿಸಿ, ತನಿಖಾ ತಂಡಕ್ಕೆ ಮುಟ್ಟಿಸಬೇಕು. ಕಾನ್ಪುರದಲ್ಲಿ 127 ಮಂದಿ ಸತ್ತರು. ಅಲ್ಲಿ ಉತ್ತರ ಪ್ರದೇಶ ಸರಕಾರ ವಿಶೇಷ ತನಿಖಾ ತಂಡ ರಚಿಸಿದ್ದೇ 2019ರಲ್ಲಿ, ಬಂಧನಗಳು ಆರಂಭವಾದದ್ದು 2022ರಲ್ಲಿ. ಆ ಊರು ಬಿಟ್ಟು ಹೊರದೇಶ ಸೇರಿದ ಕುಟುಂಬಗಳು ಬ್ರಾಂಪ್ಟನ್ ಕನ್ನಡಿಗರ ಸುತ್ತಮುತ್ತ ಇದ್ದರೆ, ಅವರಿಗೆ ಈ ಮಾಹಿತಿಯನ್ನು ದಯವಿಟ್ಟು ತಲುಪಿಸಿ. ಅಫಿಡವಿಟ್ಟಿನ ಕರಡು ಸಿದ್ಧಪಡಿಸಲು ನನ್ನಿಂದಾದ ನೆರವು ಕೊಡುತ್ತೇನೆ.